ರೊಟ್ಟಿ ತಿರುವುವ ಕೈ ಯಾಕೆ ಹಿಂದಕ್ಕೆ ಚಿಮ್ಮುವುದಿಲ್ಲ

ಜೋಳದ ರೊಟ್ಟಿ ಕಲಿಯುವವರಿಗೆ ಬಡಿಯುವುದಕ್ಕಿಂತ ಕಷ್ಟವಾಗುವುದು ತಿರುವುವುದು. ಹಂಚಿನ ಮೇಲೆ ಬಿದ್ದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಬೇಕು, ಆ ನೀರು ಆರುತ್ತಿದ್ದ ಹಾಗೆ ಅಂಚನ್ನು ಬೆರಳಿನಿಂದ ಎಬ್ಬಿಸಿ ಮಗುಚಿ ಹಾಕಬೇಕು. ಹೊಸಬರ ಕೈ ಬಿಸಿ ತಾಗುತ್ತಲೇ ಚಿಮ್ಮಿ ಹಿಂದಕ್ಕೆ ಬರುತ್ತದೆ, ರೊಟ್ಟಿ ಅರ್ಧ ಮಡಚಿ ಬೀಳುತ್ತದೆ. ಹುಬ್ಬಳ್ಳಿ, ಗದಗಿನ ಖಾನಾವಳಿಗಳಲ್ಲಿ ದಿನವಿಡೀ ಒಲೆ ಮುಂದೆ ಕೂತವರ ಕೈ ಮಾತ್ರ ಹೋಗಿ, ಕೆಲಸ ಮುಗಿಸಿಕೊಂಡು, ತನ್ನ ಹೊತ್ತಿಗೆ ಬರುತ್ತದೆ. 'ಅವರಿಗೆ ರೂಢಿ ಆಗೇತಿ, ಬಿಸಿ ಹತ್ತಂಗಿಲ್ಲ' ಎನ್ನುತ್ತಾರೆ ನೋಡಿದವರು. ಹತ್ತುತ್ತದೆ. ಚರ್ಮ ಒಂದಿಷ್ಟು ದಪ್ಪವಾಗಿರುವುದು ನಿಜ, ಬೆರಳು ತಾಗುವ ಹೊತ್ತು ತೀರಾ ಕಡಿಮೆ ಎನ್ನುವುದೂ ನಿಜ. ಆದರೆ ಇನ್ನೊಂದು ಕಾರಣ ಕೈಯಿಂದ ದೂರ ಇದೆ: 'ಕೈ ತೆಗಿ' ಎಂದು ಬೆನ್ನುಹುರಿ ಹೊರಡಿಸುವ ಅಪ್ಪಣೆಯನ್ನು ಮೆದುಳು ಮೇಲಿನಿಂದ ಹಿಡಿದಿಟ್ಟಿರುತ್ತದೆ.

ನರ ಅಂದರೆ ಕರೆಂಟಿನ ವಾಯರು, ಸುದ್ದಿ ಒಯ್ಯುವುದು ಅದರ ಕೆಲಸ ಎಂದು ಶಾಲೆಯಲ್ಲಿ ಓದಿದ್ದು ತಪ್ಪಲ್ಲ, ಆದರೆ ಅರ್ಧ ಮಾತು. ಉಳಿದರ್ಧ ತಡೆ. ಯಾವ ಸುದ್ದಿ ಮುಂದೆ ಹೋಗಬಾರದು, ಯಾವ ಸ್ನಾಯು ಈಗ ಸುಮ್ಮನಿರಬೇಕು, ಹೊರಟ ಸುದ್ದಿ ಎಷ್ಟು ಹೊತ್ತಿಗೆ ಅಳಿಸಿಹೋಗಬೇಕು ಎಂಬ ಏರ್ಪಾಡು. ನರದ ಕಾಯಿಲೆಗಳನ್ನು ನೋಡುತ್ತ ಹೋದರೆ ಸುದ್ದಿ ತಲುಪದೆ ಆದ ಅನಾಹುತದಷ್ಟೇ, ಸುದ್ದಿ ನಿಲ್ಲದೆ ಆದ ಅನಾಹುತವೂ ಸಿಗುತ್ತದೆ. ಎರಡನೆಯದರ ಬಗ್ಗೆ ನಾವು ಮಾತಾಡುವುದು ಕಡಿಮೆ.

ಹಂಚಿಗೆ ತಾಗಿದ ಬೆರಳನ್ನೇ ಹಿಡಿದು ಹೋಗೋಣ. ಚರ್ಮದಲ್ಲಿರುವ ನೋವಿನ ನರತುದಿಗಳಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆದುಕೊಳ್ಳುವ ಒಂದು ಬಾಗಿಲಿದೆ, ಹೆಸರು ಟಿಆರ್‌ಪಿವಿ1. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ತೆರೆಯುವುದೂ ಇದೇ ಬಾಗಿಲನ್ನು. ಹಾಗಾಗಿ ಮಿರ್ಚಿ ಕಚ್ಚಿದವರು 'ಬಾಯಿ ಸುಟ್ಟಿತು' ಎಂದರೆ ಅದು ಉಪಮೆಯಲ್ಲ. ಆ ನರಕ್ಕೆ ಬೆಂಕಿ ಬೇರೆ, ಖಾರ ಬೇರೆ ಅಲ್ಲ. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಹಕ್ಕಿಗಳಲ್ಲಿ ಈ ಬಾಗಿಲಿನ ರಚನೆ ಸ್ವಲ್ಪ ಬೇರೆ, ಕ್ಯಾಪ್ಸೈಸಿನ್ ಅದಕ್ಕೆ ಹೊಂದುವುದಿಲ್ಲ. ಗಿಳಿ ಆರಾಮಾಗಿ ಮೆಣಸಿನಕಾಯಿ ತಿನ್ನುವುದು ಇದಕ್ಕೇ. ಬ್ಯಾಡಗಿ ಕಾಯಿಯ ಹೆಸರಿರುವುದು ಬಣ್ಣಕ್ಕೆ, ಖಾರ ಅದರಲ್ಲಿ ಕಡಿಮೆ. ಆದರೂ ಕಾಯಿಯ ತುಂಬು (ತೊಟ್ಟು) ತೆಗೆದ ಕೈಯನ್ನು ಕಣ್ಣಿಗೆ ಒಯ್ದವರಿಗೆ ಆ ಕಡಿಮೆಯೂ ಸಾಕು. ಕ್ಯಾಪ್ಸೈಸಿನ್ ನೀರಿಗೆ ಕರಗದು, ಎಣ್ಣೆ ಮತ್ತು ಹಾಲಿಗೆ ಕರಗುತ್ತದೆ. ಉರಿಯುವ ಕೈಗೆ ಮೊದಲು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸಾಬೂನಿನಿಂದ ತೊಳೆಯಬೇಕು. ಬಾಯಿಗೆ ಹಾಲು, ಮೊಸರು. ಕಣ್ಣಿಗೆ ಮಾತ್ರ ಬರೀ ನೀರು, ಧಾರಾಳವಾಗಿ.

ಬಾಗಿಲು ತೆರೆದ ಮೇಲೆ ಸುದ್ದಿ ಎರಡು ದಾರಿಯಲ್ಲಿ ಹೊರಡುತ್ತದೆ. ತೆಳುವಾದ ಕೊಬ್ಬಿನ ಹೊದಿಕೆ ಇರುವ ಎಳೆಗಳಲ್ಲಿ ಸೆಕೆಂಡಿಗೆ 5ರಿಂದ 30 ಮೀಟರ್, ಹೊದಿಕೆ ಇಲ್ಲದ ಸಣ್ಣ ಎಳೆಗಳಲ್ಲಿ ಅರ್ಧದಿಂದ 2 ಮೀಟರ್. ಬೆರಳ ತುದಿಯಿಂದ ಕುತ್ತಿಗೆಯ ಬೆನ್ನುಹುರಿಗೆ ಮುಕ್ಕಾಲು ಮೀಟರಿನ ಮೇಲೆ ದೂರ. ಆದ್ದರಿಂದ ಮೊದಲು 'ಚುರ್' ಎನ್ನುವುದು ಒಂದು ಸುದ್ದಿ, ಸುಮಾರು ಒಂದು ಸೆಕೆಂಡಿನ ಮೇಲೆ ಹಬ್ಬುವ ಉರಿ ಇನ್ನೊಂದು. ಮೊದಲ ಸುದ್ದಿ ಬೆನ್ನುಹುರಿ ಮುಟ್ಟಿದ ಕೂಡಲೇ ಮೆದುಳಿನ ಅಪ್ಪಣೆಗೆ ಕಾಯದೆ ಕೈ ಮಡಚುವ ಸ್ನಾಯುವಿಗೆ ಹುಕುಂ ಹೋಗುತ್ತದೆ. ಅದೇ ಗಳಿಗೆಯಲ್ಲಿ ಕೈ ಚಾಚುವ ಸ್ನಾಯುವಿನ ನರಕೋಶಗಳಿಗೆ 'ಸುಮ್ಮನಿರು' ಎಂಬ ಹುಕುಮೂ ಹೋಗುತ್ತದೆ. ಈ ಎರಡನೆಯದು ಇಲ್ಲದಿದ್ದರೆ ಮುಂದಿನ ಸ್ನಾಯು, ಹಿಂದಿನ ಸ್ನಾಯು ಎರಡೂ ಜಗ್ಗಿ ಕೈ ಕಟ್ಟಿಗೆಯ ಹಾಗೆ ಸೆಟೆದು ಹಂಚಿನ ಮೇಲೇ ನಿಲ್ಲುತ್ತಿತ್ತು. ಎತ್ತಿನ ಜೋಡಿಯಲ್ಲಿ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಜಗ್ಗಿದ ಹಾಗೆ. ಈ ಜೋಡಿ ಹುಕುಮನ್ನು ಬಿಡಿಸಿ ತೋರಿಸಿದವರು ನರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್. 1932ರ ನೊಬೆಲ್‌ನಲ್ಲಿ ಅವರಿಗೂ ಪಾಲು.

'ಸುಮ್ಮನಿರು' ಎನ್ನುವುದು ಹೇಗೆ? ವಿರಾಮದಲ್ಲಿರುವ ನರಕೋಶದ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣದಲ್ಲಿರುತ್ತದೆ. ಸೋಡಿಯಂ ಒಳನುಗ್ಗಿ ಅದು ಋಣ 55ರ ಹತ್ತಿರ ಬಂದರೆ ಕೋಶ ಸಿಡಿಯುತ್ತದೆ, ಅಂದರೆ ಸುದ್ದಿ ಹೊರಡಿಸುತ್ತದೆ, ಒಂದು ಮಿಲಿಸೆಕೆಂಡಿನ ಆಟ. ತಡೆಯುವ ನರಕೋಶ ಗ್ಲೈಸಿನ್ ಅಥವಾ ಗಾಬಾ ಎಂಬ ರಸ ಬಿಡುತ್ತದೆ, ಅದರಿಂದ ಕ್ಲೋರೈಡಿನ ಬಾಗಿಲು ತೆರೆದು ಕೋಶ ಋಣದಲ್ಲೇ ಉಳಿಯುತ್ತದೆ. ಒಂದೊಂದು ಕೋಶದ ಮೇಲೂ 'ಹೊಡಿ' ಎನ್ನುವವರು ಸಾವಿರಾರು, 'ಬ್ಯಾಡ' ಎನ್ನುವವರು ಸಾವಿರಾರು. ಕೂಡಿಸಿ ಕಳೆದು ಉಳಿದದ್ದೇ ನಮ್ಮ ಚಲನೆ. ಖಾನಾವಳಿಯ ಕೈ ಚಿಮ್ಮದಿರುವುದು, ಬಿಸಿ ಸಾರಿನ ಪಾತ್ರೆಯನ್ನು ಕೈ ಬಿಡದೆ ಕಟ್ಟೆಯವರೆಗೆ ಒಯ್ಯುವುದು, ಎರಡೂ ಈ ಲೆಕ್ಕದಲ್ಲಿ 'ಬ್ಯಾಡ'ದ ಪಾಲು ಹೆಚ್ಚಿದ್ದರಿಂದ.

ಮೇಲಿನ ಹತೋಟಿ ಎಂಬುದನ್ನು ಮನೆಯಲ್ಲೇ ನೋಡಬಹುದು. ಎತ್ತರದ ಕುರ್ಚಿಯಲ್ಲಿ ಕಾಲು ಜೋತುಬಿಟ್ಟು ಕೂತವರ ಮೊಣಕಾಲ ಚಿಪ್ಪಿನ ಕೆಳಗಿನ ಪಟ್ಟಿಗೆ ಅಂಗೈ ಅಂಚಿನಿಂದ ಮೆಲ್ಲಗೆ ಹೊಡೆದರೆ ಕಾಲು ಸಣ್ಣಗೆ ಒದೆಯುತ್ತದೆ. ಈಗ ಎರಡೂ ಕೈಯ ಬೆರಳು ಕೊಕ್ಕೆ ಹಾಕಿ ಜೋರಾಗಿ ಜಗ್ಗಿಕೊಳ್ಳಲು ಹೇಳಿ, ಜಗ್ಗುತ್ತಿರುವಾಗಲೇ ಮತ್ತೆ ಅಷ್ಟೇ ಬಲದಲ್ಲಿ ಹೊಡೆಯಿರಿ. ಒದೆತ ಎದ್ದು ಕಾಣುವಷ್ಟು ಜೋರಾಗುತ್ತದೆ. ಹೊಡೆತ ಅದೇ, ಬೆನ್ನುಹುರಿಯೂ ಅದೇ, ಬದಲಾದದ್ದು ಅದರ ಮೇಲಿನ ಹತೋಟಿ.

ಲಕ್ವಾ ಹೊಡೆದಾಗ ಈ ಹತೋಟಿಯೇ ಕಡಿದುಹೋಗುತ್ತದೆ. ಮೊದಲ ಕೆಲವು ದಿನ ಕೈಕಾಲು ಜೋಲು ಬೀಳುತ್ತವೆ, ವಾರಗಳು ಕಳೆದ ಮೇಲೆ ಬಿಗಿಯಾಗುತ್ತವೆ: ಕೈ ಎದೆ ಕಡೆಗೆ ಮಡಚಿ, ಕಾಲು ನೆಟ್ಟಗೆ ಸೆಟೆದು. 'ಬಿಗಿ ಬಂತು ಅಂದ್ರ ಶಕ್ತಿ ಬಂತು' ಎಂದು ಮನೆಯವರು ಖುಷಿಪಡುವುದುಂಟು. ಅದು ಶಕ್ತಿಯಲ್ಲ, ಲಗಾಮಿಲ್ಲದ ಬೆನ್ನುಹುರಿ. ಆ ಬಿಗಿಗೆ ದಿನವೂ ಕೀಲುಗಳನ್ನು ಪೂರ್ತಿ ಆಡಿಸುವ ವ್ಯಾಯಾಮ ಬೇಕು, ಇಲ್ಲದಿದ್ದರೆ ಸ್ನಾಯುವೇ ಗಿಡ್ಡಾಗಿ ಅಲ್ಲೇ ಕೂತುಬಿಡುತ್ತದೆ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ತಾಸು, ಅದರೊಳಗೆ ಸಿಟಿ ಸ್ಕ್ಯಾನ್ ಆಗಿ ರಕ್ತಸ್ರಾವ ಅಲ್ಲ ಎಂಬುದೂ ಖಾತ್ರಿಯಾಗಬೇಕು. ಲಕ್ವಾಕ್ಕೆ ನಾಟಿ ಔಷಧ ಕೊಡುವ ಊರಿನ ಕಡೆ ಗಾಡಿ ತಿರುಗಿಸಿದ ಮನೆಗಳಲ್ಲಿ ಈ ನಾಲ್ಕೂವರೆ ತಾಸು ದಾರಿಯಲ್ಲೇ ಕಳೆದುಹೋಗುತ್ತದೆ.

ತಡೆ ಪೂರ್ತಿ ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ಧನುರ್ವಾಯುಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಮಣ್ಣು, ಸಗಣಿಯಲ್ಲಿರುವ ಒಂದು ಬ್ಯಾಕ್ಟೀರಿಯಾ ಜಾಲಿ ಮುಳ್ಳು ಚುಚ್ಚಿದ ಆಳದ ಗಾಯದಲ್ಲಿ, ಗಾಳಿ ಆಡದ ಕಡೆ, ಬೆಳೆದು ವಿಷ ಬಿಡುತ್ತದೆ. ಆ ವಿಷ ರಕ್ತದಲ್ಲಿ ಹರಡಿ ಸ್ನಾಯುಗಳ ನರದೊಳಗೆ ಹೊಕ್ಕು ಹಿಮ್ಮುಖವಾಗಿ ಬೆನ್ನುಹುರಿಗೆ ಏರಿ, ಅಲ್ಲಿ ಗ್ಲೈಸಿನ್, ಗಾಬಾ ಹೊರಬರುವ ಯಂತ್ರವನ್ನು ಕತ್ತರಿಸಿ ಹಾಕುತ್ತದೆ. 'ಹೊಡಿ' ಎನ್ನುವವರು ಉಳಿದರು, 'ಬ್ಯಾಡ' ಎನ್ನುವವರು ಬಾಯಿ ಕಟ್ಟಿಸಿಕೊಂಡರು. ನರ ಗಿಡ್ಡವಿದ್ದಲ್ಲಿ ವಿಷ ಮೊದಲು ಮುಟ್ಟುತ್ತದೆ, ಅದಕ್ಕೇ ಮುಳ್ಳು ಕಾಲಿಗೆ ಚುಚ್ಚಿದ್ದರೂ ಸಾಮಾನ್ಯವಾಗಿ ಮೊದಲು ಕಚ್ಚಿಕೊಳ್ಳುವುದು ದವಡೆ. ಆಮೇಲೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಬಾಗಿಲು ಬಡಿದ ಸಪ್ಪಳಕ್ಕೂ ಮೈಯೆಲ್ಲ ಸೆಟೆಯುತ್ತದೆ. ಎಚ್ಚರ ಪೂರ್ತಿ ಇರುತ್ತದೆ, ನೋವೂ. ಈ ಕಾಯಿಲೆ ಒಮ್ಮೆ ಬಂದು ಬದುಕಿದವರಿಗೂ ಲಸಿಕೆ ಬೇಕು, ಏಕೆಂದರೆ ಪ್ರಾಣ ತೆಗೆಯುವಷ್ಟು ವಿಷವೂ ದೇಹಕ್ಕೆ ಪಾಠ ಕಲಿಸಲು ಸಾಲದಷ್ಟು ಚಿಕ್ಕದು. ಗಾಯವಾದಾಗಲೆಲ್ಲ ಇಂಜೆಕ್ಷನ್ ಬೇಡ: ಬಾಲ್ಯದ ಲಸಿಕೆ ಪೂರ್ತಿಯಾಗಿದ್ದರೆ ಹತ್ತು ವರ್ಷಕ್ಕೊಮ್ಮೆ, ಮಣ್ಣು ಹತ್ತಿದ ಆಳದ ಗಾಯವಾದರೆ ಮತ್ತು ಹಿಂದಿನದು ಐದು ವರ್ಷದ ಹಿಂದಿನದಾಗಿದ್ದರೆ ಆಗಲೇ. '24 ತಾಸು ದಾಟಿತು, ಇನ್ನು ಹಾಕಿಸಿ ಉಪಯೋಗ ಇಲ್ಲ' ಎಂಬ ಮಾತು ಸುಳ್ಳು. ಬೇಗ ಒಳ್ಳೆಯದು, ತಡವಾದರೂ ಹಾಕಿಸಬೇಕು.

ಇನ್ನೊಂದು ಬಗೆಯ ತಡೆ ಇದೆ, ಹೊಲಗಳಿಗೆ ಹತ್ತಿರದ್ದು. ಹಾವೇರಿ, ಗದಗ ಕಡೆ ಹತ್ತಿಗೆ, ಮೆಣಸಿನಗಿಡಕ್ಕೆ ಕೀಟನಾಶಕ ಸಿಂಪಡಿಸುವುದಕ್ಕೆ 'ಎಣ್ಣಿ ಹೊಡಿಯೂದು' ಅಂತಾರೆ. ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್, ಅಸಿಫೇಟ್ ಮುಂತಾದ ರಂಜಕದ (ಫಾಸ್ಫರಸ್) ಗುಂಪಿನ ಔಷಧಗಳು ಕೀಟವನ್ನು ಕೊಲ್ಲುವ ದಾರಿಯೇ ಮನುಷ್ಯನನ್ನು ಕೊಲ್ಲುವ ದಾರಿ. ನರ ಸ್ನಾಯುವಿಗೆ ಹುಕುಂ ಕೊಡುವುದು ಅಸಿಟೈಲ್‌ಕೋಲಿನ್ ಎಂಬ ರಸದಿಂದ. ಹುಕುಂ ಮುಟ್ಟಿದ ಕೂಡಲೇ ಆ ರಸವನ್ನು ಒಡೆದು ಅಂಗಳ ಗುಡಿಸುವ ಕಿಣ್ವ ಒಂದಿದೆ, ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಣು ಗುಡಿಸುವಷ್ಟು ಚುರುಕು. ರಂಜಕದ ಔಷಧ ಈ ಕಿಣ್ವಕ್ಕೆ ಅಂಟಿ ಕೂರುತ್ತದೆ. ಗುಡಿಸುವವರಿಲ್ಲದೆ ರಸ ನಿಂತಲ್ಲೇ ನಿಂತು, ಒಂದು ಹುಕುಂ ನೂರಾಗುತ್ತದೆ.

ಲಕ್ಷಣಗಳೆಲ್ಲ ಈ ಒಂದೇ ಮಾತಿನಿಂದ ಹುಟ್ಟುತ್ತವೆ. ಗ್ರಂಥಿಗಳಿಗೆ ಹುಕುಂ ನಿಲ್ಲದು: ಬೆವರು, ಜೊಲ್ಲು, ಕಣ್ಣೀರು, ಎದೆಯಲ್ಲಿ ನೊರೆ. ಹೊಟ್ಟೆಗೆ ನಿಲ್ಲದು: ವಾಂತಿ, ಭೇದಿ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿ ಮಂಜು ಕವಿಯುತ್ತದೆ. ಸ್ನಾಯುಗಳು ಮೊದಲು ರೆಪ್ಪೆ, ತೊಡೆಗಳಲ್ಲಿ ಅದುರಿ, ಆಮೇಲೆ ಹುಕುಂ ಕೇಳಿ ಕೇಳಿ ದಣಿದು ಸುಮ್ಮನಾಗುತ್ತವೆ. ಉಸಿರಾಟದ ಸ್ನಾಯುವೂ ಸ್ನಾಯುವೇ. ಬಿಸಿಲಿಗೆ ತಲೆ ತಿರುಗಿ ಬಿದ್ದ ಎಂದು ಮಜ್ಜಿಗೆ ಕುಡಿಸುತ್ತ ಕೂರುವ ಮೊದಲು ಕಣ್ಣಿನ ಪಾಪೆ ನೋಡಿ. ಸೂಜಿಮೊನೆಯಂಥ ಪಾಪೆ, ಮೈತುಂಬ ಬೆವರು, ಬಾಯಲ್ಲಿ ಜೊಲ್ಲು ಮೂರೂ ಇದ್ದರೆ ಬಿಸಿಲಿನ ತಪ್ಪಲ್ಲ.

ಸಿಂಪಡಿಸುವವರಿಗೆ ವಿಷ ಹೆಚ್ಚಾಗಿ ಒಳಹೋಗುವುದು ಬಾಯಿಂದಲ್ಲ, ಚರ್ಮದಿಂದ. ಪಂಪಿನಲ್ಲಿ ಕಲಸಿದ ನೀರಿಗಿಂತ ಬಾಟಲಿಯಿಂದ ಅಳೆಯುವಾಗ ಕೈ ಮೇಲೆ ಚೆಲ್ಲಿದ ಮುಚ್ಚಳದಷ್ಟು ಗಟ್ಟಿ ಔಷಧ ಹೆಚ್ಚು ಅಪಾಯ. ಸೋರುವ ಬೆನ್ನಿನ ಪಂಪು, ಬೆನ್ನಿಗಂಟಿದ ತೊಯ್ದ ಅಂಗಿ, ಕಟ್ಟಿಕೊಂಡ ನಾಜಲ್‌ಗೆ ಬಾಯಿ ಹಚ್ಚಿ ಊದುವ ಚಟ, ಈ ಮೂರರಲ್ಲೇ ಬಹುಪಾಲು ಕತೆ ಮುಗಿಯುತ್ತದೆ. ನಾಜಲ್‌ಗೆ ಹುಲ್ಲುಕಡ್ಡಿ ಸಾಕು. ಬಾಟಲಿಯ ಮೇಲಿನ ಬಣ್ಣದ ಗುರುತು ನೋಡುವುದು ಕಲಿಯಬೇಕು: ಕೆಂಪು ಅತಿ ವಿಷ, ಅದರ ಕೆಳಗೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ಕುಡಿಯುವ ನೀರಲ್ಲ.

ಮೈಮೇಲೆ ಬಿದ್ದು ಲಕ್ಷಣ ಶುರುವಾದರೆ ಬಟ್ಟೆ ಪೂರ್ತಿ ಕಳಚಿ, ಸಾಬೂನು ಹಚ್ಚಿ ಕಾಲು ತಾಸು ತೊಳೆಯಬೇಕು. ಕಂಕುಳು, ತೊಡೆಸಂದಿ, ಉಗುರು, ಕೂದಲು ಬಿಡಬಾರದು. ತೊಳೆಯುವವರು ಕೈಗೆ ಗವುಸು ಹಾಕಿಕೊಳ್ಳಲಿ. ಗಾಡಿ ಬಂದರೆ ತೊಳೆಯಲೆಂದು ತಡೆಯುವುದು ಬೇಡ. ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಇಳಿದರೆ ಎರಡು ಕಾಯಿಲೆ. ಎಡಮಗ್ಗುಲಾಗಿ ಮಲಗಿಸಿ ಒಯ್ಯಬೇಕು, ಬಾಟಲಿಯನ್ನು ಜೊತೆಗೇ. ಬಾಟಲಿ ಯಾಕೆಂದರೆ ಎಲ್ಲ ಎಣ್ಣಿಯೂ ರಂಜಕದ್ದಲ್ಲ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಗುಂಪು ಇನ್ನೊಂದು ತಡೆ ಮುರಿಯುತ್ತದೆ: ನರದ ಸೋಡಿಯಂ ಬಾಗಿಲು ಮುಚ್ಚದ ಹಾಗೆ ಹಿಡಿಯುತ್ತದೆ. ಸಿಂಪಡಿಸಿ ಬಂದ ಸಂಜೆ ಮುಖವೆಲ್ಲ ಜುಮುಜುಮು ಎನ್ನುವುದು ಅದರಿಂದ. ಅದಕ್ಕೆ ಚಿಕಿತ್ಸೆ ಬೇರೆ.

ರಂಜಕದ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಎಂಬ ಔಷಧ ಗ್ರಂಥಿ, ಶ್ವಾಸನಾಳ, ಹೃದಯದ ಕಡೆಯ ಹುಕುಮನ್ನು ತಡೆಯುತ್ತದೆ. 2–3 ಮಿಲಿಗ್ರಾಂನಿಂದ ಶುರುಮಾಡಿ ಐದೈದು ನಿಮಿಷಕ್ಕೆ ಇಮ್ಮಡಿ ಮಾಡುತ್ತ, ಎದೆಯ ನೊರೆ ಸಪ್ಪಳ ಹೋಗುವವರೆಗೆ ಕೊಡುತ್ತಾರೆ. ಆದರೆ ಅದು ಸ್ನಾಯುವಿನ ಬಲವನ್ನು ಮರಳಿ ಕೊಡದು. ಇಲ್ಲಿ ಮನೆಯವರು ಎಡವುವ ಜಾಗ ಒಂದಿದೆ. ಮರುದಿನ ರೋಗಿ ಎದ್ದು ಮಾತಾಡುತ್ತಾನೆ, 'ಆರಾಮ ಆದ, ಮನಿಗೆ ಒಯ್ತೀವಿ' ಎನ್ನುತ್ತಾರೆ. ಒಂದರಿಂದ ನಾಲ್ಕನೇ ದಿನದೊಳಗೆ ಕುತ್ತಿಗೆ, ಉಸಿರಿನ ಸ್ನಾಯುಗಳು ಮತ್ತೆ ಕೈಕೊಡುವುದುಂಟು. ದಿಂಬಿನಿಂದ ತಲೆ ಎತ್ತಿ ಹಿಡಿಯಲು ಆಗುತ್ತದೋ ಇಲ್ಲವೋ ನೋಡಿ. ಎತ್ತಲಾಗದ ತಲೆ ಎಂದರೆ ವೆಂಟಿಲೇಟರ್ ಹತ್ತಿರ ಇರಬೇಕಾದ ರೋಗಿ.

ತಡೆ ಎಂದರೆ ಅನಾಹುತ ತಪ್ಪಿಸುವುದಷ್ಟೇ ಅಲ್ಲ, ಸ್ಪರ್ಶಕ್ಕೆ ಹರಿತ ಕೊಡುವುದೂ ಅದೇ. ಒಂದು ಹೇರ್‌ಪಿನ್ ಬಿಡಿಸಿ ಎರಡು ತುದಿಗಳನ್ನು 3 ಮಿಲಿಮೀಟರ್ ಅಂತರದಲ್ಲಿಡಿ. ಕಣ್ಣು ಮುಚ್ಚಿದವರ ಬೆರಳ ತುದಿಗೆ ಒತ್ತಿದರೆ 'ಎರಡು' ಎನ್ನುತ್ತಾರೆ. ಬೆನ್ನಿಗೆ ಒತ್ತಿದರೆ ತುದಿಗಳು ಸುಮಾರು 4 ಸೆಂಟಿಮೀಟರ್ ದೂರವಾಗುವ ತನಕ 'ಒಂದೇ' ಎನ್ನುತ್ತಾರೆ. ಬೆರಳ ತುದಿಯಲ್ಲಿ ನರತುದಿ ದಟ್ಟವಾಗಿರುವುದು ಒಂದು ಕಾರಣ. ಇನ್ನೊಂದು, ಜೋರಾಗಿ ಒತ್ತಿಸಿಕೊಂಡ ನರದಾರಿ ಅಕ್ಕಪಕ್ಕದ ದಾರಿಗಳ ಬಾಯಿ ಮುಚ್ಚಿಸುತ್ತದೆ. ನಡುವಿನ ಗುಸುಗುಸು ಅಡಗಿ ಎರಡು ಚುಕ್ಕಿ ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಬ್ರೈಲ್ ಚುಕ್ಕಿಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್, ಬೆರಳ ಸಾಮರ್ಥ್ಯದ ಅಂಚಿನಲ್ಲೇ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಎಳವೆಯಲ್ಲೇ ದೃಷ್ಟಿ ಹೋದವರು ಬ್ರೈಲ್ ಓದುವಾಗ ಮೆದುಳಿನ ಹಿಂಭಾಗದ ದೃಷ್ಟಿಯ ಪ್ರದೇಶ ಕೆಲಸ ಮಾಡುತ್ತಿರುತ್ತದೆ ಎಂದು 1996ರಲ್ಲಿ ಸ್ಕ್ಯಾನ್‌ಗಳಲ್ಲಿ ಕಂಡಿತು. ಆ ಹೊಲ ಬೀಳು ಬಿದ್ದಿಲ್ಲ, ಬೆರಳು ಬಿತ್ತಿಕೊಂಡಿದೆ.

ಕಿರಿಮೆದುಳಿನದಂತೂ ತಡೆಯದೇ ಕಸುಬು. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲು ಇರುವುದು ತಲೆಯ ಹಿಂದಿನ ಈ ಸಣ್ಣ ಗೆಡ್ಡೆಯಲ್ಲಿ, ಮತ್ತು ಅದರ ಹೊರಪದರದಿಂದ ಹೊರಬರುವ ಪುರ್ಕಿಂಜೆ ಕೋಶಗಳು ಆಡುವ ಮಾತು ಒಂದೇ: ಬ್ಯಾಡ. ಎಷ್ಟು, ಯಾವಾಗ 'ಬ್ಯಾಡ' ಎನ್ನಬೇಕೆಂಬುದರಲ್ಲೇ ರೊಟ್ಟಿಯ ಅಂಚು ಹರಿಯದಂತೆ ಬಡಿಯುವ ಲಯ ಇದೆ. ವೈದ್ಯರು ಅಂಗೈಯನ್ನು ಮೇಲು ಕೆಳಗು ಬೇಗಬೇಗ ತಿರುಗಿಸಿ ತೊಡೆಗೆ ಬಡಿಯಲು ಹೇಳುವುದು ಇದರ ಪರೀಕ್ಷೆಗೆ. ಕಿರಿಮೆದುಳು ಕೆಟ್ಟಿದ್ದರೆ ಲಯ ತಪ್ಪುತ್ತದೆ; ಮೂಗು ಮುಟ್ಟು ಎಂದರೆ ಬೆರಳು ಗುರಿ ದಾಟಿ ಕೆನ್ನೆಗೆ ಹೋಗುತ್ತದೆ.

ಕುಡಿದವರ ತೂರಾಟದಲ್ಲೂ ಇದೇ ಕಿರಿಮೆದುಳಿನ ಪಾಲಿದೆ. ನಮ್ಮ ಕಡೆ 'ಎಣ್ಣಿ' ಎಂದರೆ ಸೆರೆಯೂ ಹೌದು, ಈ ಹೆಸರಿಟ್ಟವರಿಗೆ ನರಶಾಸ್ತ್ರ ಗೊತ್ತಿತ್ತೇನೋ ಅನಿಸುತ್ತದೆ. ಸೆರೆ ಗಾಬಾದ ಕೆಲಸವನ್ನು ಹೆಚ್ಚಿಸುತ್ತದೆ, ಅಂದರೆ ಮೆದುಳನ್ನು ಒಟ್ಟಾರೆ ಮಂದ ಮಾಡುತ್ತದೆ. ಮೊದಲು ಮಂದವಾಗುವುದರಲ್ಲಿ ನಾಲಿಗೆ, ಸಿಟ್ಟು, ನಾಚಿಕೆಗಳ ಮೇಲೆ ಕಾವಲು ಕೂತ ಹಣೆಯ ಹಿಂದಿನ ಭಾಗವೂ ಒಂದು. ಕಾವಲುಗಾರನೇ ತೂಕಡಿಸಿದ ಮೇಲೆ ಗದ್ದಲ. 'ಕುಡಿದ್ರ ಧೈರ್ಯ ಬರತೈತಿ' ಎನ್ನುವುದು ತಪ್ಪು ಲೆಕ್ಕ. ಬಂದದ್ದೇನೂ ಇಲ್ಲ, ಹೋದದ್ದಿದೆ.

ವರ್ಷಗಟ್ಟಲೆ ದಿನವೂ ಕುಡಿದವರ ಮೆದುಳು ಈ ಹೆಚ್ಚುವರಿ ತಡೆಗೆ ಹೊಂದಿಕೊಂಡು, ತನ್ನ ಗಾಬಾದ ಕೆಲಸ ತಗ್ಗಿಸಿ ಉದ್ರೇಕದ ಕಡೆಯನ್ನು ಏರಿಸಿಕೊಂಡಿರುತ್ತದೆ. ಅಂಥವರ ಕುಡಿತವನ್ನು ದೇವರ ಆಣೆ ಹಾಕಿಸಿ ಒಂದೇ ದಿನಕ್ಕೆ ನಿಲ್ಲಿಸಿದರೆ ತಡೆ ಏಕಾಏಕಿ ಹೋಗಿ ಉದ್ರೇಕ ಒಂದೇ ಉಳಿಯುತ್ತದೆ. ಆರನೇ ತಾಸಿನ ಹೊತ್ತಿಗೆ ಕೈ ನಡುಕ, ಬೆವರು, ನಿದ್ದೆಗೇಡು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ, ದಿಕ್ಕು ದಿನ ತಿಳಿಯದು. ಇದನ್ನೇ ಗಾಳಿ ಹೊಕ್ಕಿದೆ ಎಂದು ತಿಳಿದು ಲಿಂಬಿಹಣ್ಣು ಇಳಿ ತೆಗೆಯುತ್ತ ಕೂತರೆ ಜೀವ ಹೋಗಬಹುದು. ಆಸ್ಪತ್ರೆಯಲ್ಲಿ ಗಾಬಾದ ಕೆಲಸ ಮಾಡುವ ಮಾತ್ರೆಗಳನ್ನು ಕೊಟ್ಟು ಕೆಲವು ದಿನಗಳಲ್ಲಿ ಮೆಲ್ಲಗೆ ಇಳಿಸುತ್ತಾರೆ, ಥಯಾಮಿನ್ (ಬಿ1 ಜೀವಸತ್ವ) ಇಂಜೆಕ್ಷನ್ ಹಾಕುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇಂಥ ಚಿಕಿತ್ಸೆಗೆ ಇರುವ ಜಾಗ. ಹೋಗುವಾಗ ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಕೊನೆಯ ಗುಟುಕು ಎಷ್ಟು ಹೊತ್ತಿಗೆ ಎಂಬ ಮೂರು ಮಾತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ತಾಸುಗಳ ಲೆಕ್ಕವೆಲ್ಲ ಆ ಕೊನೆಯ ಗುಟುಕಿನಿಂದಲೇ ಶುರು.